ಹೆಸರು ಒಂದೇ, ರೋಗ ಎರಡು

ಮಕ್ಕಳೇ, 2022ರ ಜುಲೈಯಲ್ಲಿ ವಯನಾಡಿನ ಮಾನಂತವಾಡಿ ಭಾಗದ ಎರಡು ಹಂದಿ ಸಾಕಣೆ ಕೇಂದ್ರಗಳಲ್ಲಿ ಆಫ್ರಿಕನ್ ಹಂದಿ ಜ್ವರ ಕಾಣಿಸಿಕೊಂಡಿತು. ಭೋಪಾಲದ ಪ್ರಯೋಗಾಲಯ ಅದನ್ನು ಖಚಿತಪಡಿಸಿತು. ರೋಗ ಹರಡದಿರಲೆಂದು ನೂರಾರು ಹಂದಿಗಳನ್ನು ಕೊಲ್ಲಬೇಕಾಯಿತು. ಸಾಕಿದವರಿಗೆ ದೊಡ್ಡ ನಷ್ಟ.

‘ಹಂದಿ ಜ್ವರ’ ಅಂದ ಕೂಡಲೇ ನಮಗೆ 2009ರ ಎಚ್1ಎನ್1 ನೆನಪಾಗುತ್ತದೆ. ಹಾಗಾದರೆ ಎರಡೂ ಒಂದೇನಾ? ಖಂಡಿತ ಅಲ್ಲ. ಆಫ್ರಿಕನ್ ಹಂದಿ ಜ್ವರದ್ದು ಡಿಎನ್‌ಎ ವೈರಸ್. ಅದು ಮನುಷ್ಯರಿಗೆ ತಗಲುವುದಿಲ್ಲ. ಎಚ್1ಎನ್1 ಆರ್‌ಎನ್‌ಎ ಇರುವ ಇನ್‌ಫ್ಲುಯೆಂಜಾ ವೈರಸ್. ಅದರ ಜೀನುಗಳು ಹಂದಿಗಳ ಫ್ಲೂ ವೈರಸ್‌ಗಳಿಂದ ಬಂದವಾದ್ದರಿಂದ ಆ ಹೆಸರು ಬಂತು. ಈಗ ಅದು ಕೆಮ್ಮು, ಸೀನಿನ ಮೂಲಕ ಮನುಷ್ಯರಿಂದ ಮನುಷ್ಯರಿಗೆ ಹರಡುವ ಋತುಮಾನದ ಫ್ಲೂ. ಕೇರಳದಲ್ಲಿ ಮಳೆಗಾಲ ಬಂತೆಂದರೆ ಇದರ ಕಾಟ ಹೆಚ್ಚು.

ಔಷಧ ಹೇಗೆ ಕೆಲಸ ಮಾಡುತ್ತದೆ?

ವೈರಸ್ ನಮ್ಮ ಜೀವಕೋಶದೊಳಗೆ ನುಗ್ಗಿ ತನ್ನ ಪ್ರತಿಗಳನ್ನು ಮಾಡಿಕೊಳ್ಳುತ್ತದೆ. ಹೊಸ ವೈರಸ್‌ಗಳು ಕೋಶದಿಂದ ಬಿಡಿಸಿಕೊಂಡು ಹೊರಡಲು ನ್ಯೂರಾಮಿನಿಡೇಸ್ ಎಂಬ ಕಿಣ್ವ ಬೇಕು. ಎಚ್1ಎನ್1ನಲ್ಲಿರುವ ‘ಎನ್’ ಅಂದರೆ ಇದೇ! ಒಸೆಲ್ಟಾಮಿವಿರ್ ಔಷಧ ಈ ಕಿಣ್ವವನ್ನು ತಡೆಯುತ್ತದೆ. ಆಗ ವೈರಸ್ ಪಕ್ಕದ ಕೋಶಗಳಿಗೆ ಹರಡುವುದು ಕಷ್ಟ. ಲಕ್ಷಣ ಶುರುವಾದ 48 ಗಂಟೆಯೊಳಗೆ ಕೊಟ್ಟರೆ ಹೆಚ್ಚು ಪ್ರಯೋಜನ. ಆದರೆ ಡಾಕ್ಟರ್ ಹೇಳದೆ ತಗೊಳ್ಳಬಾರದು. ಆಂಟಿಬಯೋಟಿಕ್ ಮಾತ್ರೆ ಬ್ಯಾಕ್ಟೀರಿಯಾಕ್ಕೆ ಮಾತ್ರ. ಫ್ಲೂ ವೈರಸ್‌ನ್ನು ಅದು ಏನೂ ಮಾಡದು.

ಪ್ರತಿ ವರ್ಷ ಲಸಿಕೆ ಯಾಕೆ?

ಫ್ಲೂ ವೈರಸ್ ತನ್ನ ಮೇಲ್ಮೈ ಪ್ರೋಟೀನುಗಳನ್ನು ಸ್ವಲ್ಪ ಸ್ವಲ್ಪವೇ ಬದಲಾಯಿಸುತ್ತಾ ಇರುತ್ತದೆ. ಹಾಗಾಗಿ ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ ಎರಡು ಬಾರಿ ಲಸಿಕೆಯಲ್ಲಿ ಯಾವ ತಳಿಗಳಿರಬೇಕೆಂದು ಸೂಚಿಸುತ್ತದೆ. ಲಸಿಕೆ ಹಾಕಿಸಿಕೊಂಡ ಮೇಲೆ ರಕ್ಷಣೆ ಬರಲು ಸುಮಾರು ಎರಡು ವಾರ ಬೇಕು. ಆದ್ದರಿಂದ ಮಳೆಗಾಲಕ್ಕೆ ಮುಂಚೆಯೇ ಹಾಕಿಸಿದರೆ ಒಳ್ಳೆಯದು. ಲಸಿಕೆ ಹಾಕಿಸಿಕೊಂಡವರಿಗೂ ಫ್ಲೂ ಬರಬಹುದು, ಆದರೆ ರೋಗ ಉಲ್ಬಣಿಸುವ ಅಪಾಯ ಕಡಿಮೆ.

ನಿಮ್ಮ ಮನೆಯಲ್ಲಿ ಅಜ್ಜ-ಅಜ್ಜಿ, ಗರ್ಭಿಣಿ, ಪುಟ್ಟ ಮಗು, ಆಸ್ತಮಾ ಅಥವಾ ಸಕ್ಕರೆ ಕಾಯಿಲೆ ಇರುವವರು ಇದ್ದಾರಾ? ಅವರಿಗೆ ಅಪಾಯ ಹೆಚ್ಚು. ಜ್ವರ ಬಂದರೆ ‘ನಾಳೆ ನೋಡೋಣ’ ಅನ್ನದೆ ಆಸ್ಪತ್ರೆಗೆ ಕರೆದೊಯ್ಯಲು ಹೇಳಿ. ಉಸಿರಾಟದ ತೊಂದರೆ, ಎದೆನೋವು, ವಿಪರೀತ ಮಂಪರು ಕಂಡರೆ ಯಾರೇ ಆಗಲಿ ತಡಮಾಡಬಾರದು. ನಿಮಗೇ ಜ್ವರ, ಕೆಮ್ಮು ಇದ್ದರೆ ಶಾಲೆಗೆ ರಜೆ ಹಾಕಿ, ಮನೆಯಲ್ಲಿ ಮಾಸ್ಕ್ ಹಾಕಿಕೊಳ್ಳಿ.

ಈಗ ನಿಮಗೊಂದು ಪ್ರಶ್ನೆ: ಎಚ್1ಎನ್1ನಲ್ಲಿ ‘ಎನ್’ ಏನೆಂದು ತಿಳಿಯಿತು. ‘ಎಚ್’ ಅಂದರೆ ಏನು, ಅದರ ಕೆಲಸವೇನು? ವಿಜ್ಞಾನ ಟೀಚರನ್ನು ಕೇಳಿ ನೋಡಿ.