ಗಡಿಯಾರದ ಎದುರು ಹತ್ತು ಮೈಲಿ

ಬ್ರಿಟನ್ನಿನಲ್ಲಿ ಏಪ್ರಿಲ್ ಬಂತೆಂದರೆ ಊರೂರಿನ ಸೈಕ್ಲಿಂಗ್ ಕ್ಲಬ್ಬುಗಳು ವಾರದ ನಡುವಿನ ಒಂದು ಸಂಜೆಯನ್ನು ಟೈಮ್ ಟ್ರಯಲ್‌ಗೆ ಮೀಸಲಿಡುತ್ತವೆ. ಕೆಲಸ ಮುಗಿಸಿ ಬಂದವರು ಹೆಸರು ಬರೆಸಿ, ಬೆನ್ನ ಕೆಳಗೆ ನಂಬರು ಚುಚ್ಚಿಕೊಂಡು ರಸ್ತೆಬದಿಯಲ್ಲಿ ಸಾಲುಗಟ್ಟುತ್ತಾರೆ. ನಿಮಿಷಕ್ಕೊಬ್ಬರಂತೆ ಬಿಡುತ್ತಾರೆ. ಹಿಂದೆ ಒಬ್ಬರು ಸೀಟು ಹಿಡಿದು ನಿಂತಿರುತ್ತಾರೆ, ಸವಾರರ ಎರಡೂ ಪಾದಗಳು ಪೆಡಲಿನಲ್ಲಿರುತ್ತವೆ, ಗಡಿಯಾರ ಹಿಡಿದವರು ಐದರಿಂದ ಒಂದರವರೆಗೆ ಎಣಿಸುತ್ತಾರೆ. ಅಲ್ಲಿಂದ ಮುಂದೆ ಹತ್ತು ಮೈಲಿ, ಅಂದರೆ ಸುಮಾರು 16 ಕಿಲೋಮೀಟರ್, ಒಬ್ಬರೇ ತುಳಿಯಬೇಕು. ಮುಂದೆ ಹೋದವರನ್ನು ಹಿಡಿದರೂ ಅವರ ಬೆನ್ನ ಮರೆಯಲ್ಲಿ ಗಾಳಿ ತಪ್ಪಿಸಿಕೊಳ್ಳುವಂತಿಲ್ಲ, ದಾಟಿ ಹೋಗಲೇಬೇಕು.

ಹೊಸಬರು ಮೊದಲ ಸಂಜೆಯಲ್ಲಿ ಮಾಡುವ ತಪ್ಪು ಹೆಚ್ಚುಕಡಿಮೆ ಒಂದೇ. ಎಣಿಕೆ ಮುಗಿದೊಡನೆ ಎದ್ದುಬಿದ್ದು ತುಳಿಯುತ್ತಾರೆ. ಮೈ ತಾಜಾ ಇರುತ್ತದೆ, ಎದೆಬಡಿತ ಇನ್ನೂ ಏರಿರುವುದಿಲ್ಲ, ಕಾಲಿಗೆ ನೋವೇ ತಿಳಿಯುವುದಿಲ್ಲ. ದೇಹ ಆಮ್ಲಜನಕದಿಂದ ನಿಭಾಯಿಸಬಲ್ಲ ಮಟ್ಟಕ್ಕಿಂತ ಹೆಚ್ಚು ದುಡಿದ ಆ ಎರಡು ಮೂರು ನಿಮಿಷ ಸಾಲವಾಗಿ ಉಳಿದು, ಅರ್ಧದಾರಿಯ ಹೊತ್ತಿಗೆ ಬಡ್ಡಿ ಸಮೇತ ವಸೂಲಿಗೆ ನಿಲ್ಲುತ್ತದೆ. ತೊಡೆ ಉರಿಯುತ್ತದೆ, ಉಸಿರು ಸಾಲದು, ವೇಗ ಕುಸಿಯುತ್ತದೆ. ಆರಂಭದಲ್ಲಿ ಕೈ ಬಿಗಿಹಿಡಿದು, ಕೊನೆಯ ಮೂರು ಮೈಲಿಗೆ ಶಕ್ತಿ ಉಳಿಸಿಕೊಳ್ಳುವುದನ್ನು ಕಲಿಯಲು ಹಲವರಿಗೆ ಇಡೀ ಬೇಸಿಗೆಯೇ ಬೇಕಾಗುತ್ತದೆ.

ಎರಡನೆಯ ಪಾಠ ಗಾಳಿಯದು. ಸಮತಟ್ಟು ರಸ್ತೆಯಲ್ಲಿ ಗಂಟೆಗೆ 40 ಕಿಲೋಮೀಟರ್ ಮುಟ್ಟಿದಾಗ ಸವಾರರ ಶ್ರಮದ ಬಹುಪಾಲು ಗಾಳಿಯನ್ನು ಸೀಳುವುದಕ್ಕೇ ಹೋಗುತ್ತದೆ. ಗಾಳಿಯ ತಡೆ ವೇಗದ ವರ್ಗದಷ್ಟು ಏರುತ್ತದೆ, ಅದನ್ನು ಗೆಲ್ಲಲು ಬೇಕಾದ ಶಕ್ತಿ ವೇಗದ ಘನದಷ್ಟು. ಹಾಗಾಗಿ ವೇಗವನ್ನು 36ರಿಂದ 40ಕ್ಕೆ ಏರಿಸಲು ಗಾಳಿಯ ಎದುರು ಸುಮಾರು ಶೇ. 37ರಷ್ಟು ಹೆಚ್ಚು ಶಕ್ತಿ ಬೇಕು. ಹತ್ತು ಮೈಲಿಯಲ್ಲಿ ಅದರ ಫಲ ಎರಡೂವರೆ ನಿಮಿಷಕ್ಕಿಂತ ತುಸು ಹೆಚ್ಚು. ಅಷ್ಟು ಶಕ್ತಿಯನ್ನು ಒಂದು ಬೇಸಿಗೆಯಲ್ಲಿ ಕಾಲಿಗೆ ತುಂಬಿಸಲು ಯಾರಿಗೂ ಆಗದು. ಆದರೆ ಗಾಳಿಗೆ ಅಡ್ಡ ನಿಲ್ಲುವುದು ಸೈಕಲ್ಲಿಗಿಂತ ಹೆಚ್ಚಾಗಿ ಮನುಷ್ಯನ ಮೈ. ಮೊಣಕೈಗಳನ್ನು ಒಳಗೆ ಸೇರಿಸಿ, ಬೆನ್ನು ಬಗ್ಗಿಸಿ, ತಲೆ ತಗ್ಗಿಸಿದರೆ ಖರ್ಚಿಲ್ಲದೆಯೇ ಸಮಯ ಉಳಿಯುತ್ತದೆ. ದುಬಾರಿ ಡಿಸ್ಕ್ ಚಕ್ರಕ್ಕೆ ದುಡ್ಡು ಸುರಿಯುವ ಮೊದಲು ಹೊಸಬರು ಕಲಿಯಬೇಕಾದದ್ದು ಹಾಗೆ ಬಗ್ಗಿ ಕೂತು ಅರ್ಧ ಗಂಟೆ ತುಳಿಯುವುದನ್ನು.

ಭಂಗಿಯ ಬೆಲೆ ಜಗತ್ತಿಗೆಲ್ಲ ಕಂಡದ್ದು 1989ರಲ್ಲಿ. ಟೂರ್ ಡಿ ಫ್ರಾನ್ಸ್‌ನ ಕೊನೆಯ ದಿನ, ವರ್ಸೇಲ್ಸ್‌ನಿಂದ ಪ್ಯಾರಿಸ್‌ಗೆ 24.5 ಕಿಲೋಮೀಟರಿನ ಟೈಮ್ ಟ್ರಯಲ್. ಅಮೆರಿಕದ ಗ್ರೆಗ್ ಲೆಮಾಂಡ್ 50 ಸೆಕೆಂಡು ಹಿಂದಿದ್ದರು. ಮೊಣಕೈ ಊರಿ ಮುಂದಕ್ಕೆ ಚಾಚಿಕೊಳ್ಳುವ ಹೊಸ ಬಗೆಯ ಹ್ಯಾಂಡಲ್ ಅವರ ಸೈಕಲ್ಲಿನಲ್ಲಿತ್ತು. ಎದುರಾಳಿ ಲೋರಾಂ ಫಿನ್ಯೋ ಹೆಲ್ಮೆಟ್ಟಿಲ್ಲದೆ ಜುಟ್ಟು ಹಾರಿಸುತ್ತಾ ಬಂದರು. ಮೂರು ವಾರಗಳ ಆ ಸ್ಪರ್ಧೆಯನ್ನು ಲೆಮಾಂಡ್ ಗೆದ್ದದ್ದು ಎಂಟು ಸೆಕೆಂಡಿನಿಂದ.

ಬ್ರಿಟನ್ನಿನಲ್ಲಿ ಈ ಕ್ರೀಡೆ ಇಷ್ಟು ಆಳಕ್ಕೆ ಬೇರೂರಿದ್ದಕ್ಕೆ ಒಂದು ನಿಷೇಧವೇ ಕಾರಣ. ರಸ್ತೆಯಲ್ಲಿ ಸೈಕಲ್ ಸವಾರರ ಗುಂಪು ನುಗ್ಗಿದರೆ ಪೊಲೀಸರ ಕಣ್ಣು ಕೆಂಪಾಗುತ್ತದೆಂದು ಅಲ್ಲಿನ ರಾಷ್ಟ್ರೀಯ ಸೈಕಲ್ ಸಂಘ 1890ರ ಹೊತ್ತಿಗೆ ರಸ್ತೆ ರೇಸುಗಳನ್ನೇ ನಿಲ್ಲಿಸಿತು. ಫ್ರೆಡರಿಕ್ ಬಿಡ್ಲೇಕ್ ಎಂಬವರು 1895ರ ಅಕ್ಟೋಬರಿನಲ್ಲಿ ದಾರಿ ಕಂಡುಕೊಂಡರು: ಸವಾರರನ್ನು ಒಬ್ಬೊಬ್ಬರಾಗಿ ಬಿಟ್ಟು, ಯಾರ ಸಮಯ ಎಷ್ಟೆಂದು ಅಳೆಯುವುದು. ನೋಡುವವರಿಗೆ ಯಾರೋ ಸೈಕಲ್ಲಿನಲ್ಲಿ ಊರಿಗೆ ಹೊರಟಂತೆ ಕಾಣಬೇಕು. ಕಪ್ಪು ಉಡುಪು ತೊಟ್ಟು ಬೆಳಕು ಹರಿಯುವ ಹೊತ್ತಿಗೇ ಹೊರಡುತ್ತಿದ್ದರು, ಮಾರ್ಗಗಳಿಗೆ ಊರಿನ ಹೆಸರಿನ ಬದಲು ಗುಪ್ತ ಸಂಕೇತಗಳಿದ್ದವು. ಅಡಗಬೇಕಾದ ಕಾಲ ಮುಗಿದರೂ ವಿ718ರಂಥ ಸಂಕೇತಗಳು ಉಳಿದಿವೆ. ಇಂದಿನ ಹೊಸಬರೂ ಅವನ್ನು ಬಾಯಿಪಾಠ ಮಾಡಿಕೊಳ್ಳುತ್ತಾರೆ.

ಹವ್ಯಾಸಿಗಳ ಈ ಲೋಕದಿಂದಲೇ ಬೆರಿಲ್ ಬರ್ಟನ್ ಬಂದರು. ಬಾಲ್ಯದಲ್ಲಿ ರುಮ್ಯಾಟಿಕ್ ಜ್ವರದಿಂದ ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿ ಕಳೆದವರು. ಸೈಕಲ್ಲಿನ ಹುಚ್ಚು ಹತ್ತಿಸಿದ್ದು ಗಂಡ ಚಾರ್ಲಿ. ಯಾರ್ಕ್‌ಶೈರ್‌ನ ಮಾರ್ಲಿಯ ರೂಬಾರ್ಬ್ ತೋಟದಲ್ಲಿ ಮೈಮುರಿದು ದುಡಿಯುತ್ತಲೇ ಅವರು ಏಳು ಸಲ ವಿಶ್ವ ಚಾಂಪಿಯನ್ ಆದರು. 1959ರಿಂದ ಸತತ 25 ವರ್ಷ ಬ್ರಿಟನ್ನಿನ ಅತ್ಯುತ್ತಮ ಸರ್ವಾಂಗೀಣ ಮಹಿಳಾ ಸವಾರರ ಪಟ್ಟ ಅವರದೇ. ವೃತ್ತಿಪರ ಆಟಗಾರ್ತಿ ಅವರು ಎಂದೂ ಆಗಲಿಲ್ಲ.

1967ರ ಸೆಪ್ಟೆಂಬರಿನಲ್ಲಿ ಹನ್ನೆರಡು ಗಂಟೆಯ ಸ್ಪರ್ಧೆ. ಗಂಡಸರೆಲ್ಲ ಹೊರಟ ಮೇಲೆ ಹೆಂಗಸರ ಸರದಿ. ಬರ್ಟನ್ ಒಬ್ಬೊಬ್ಬರನ್ನೇ ದಾಟುತ್ತಾ ಹೋಗಿ, ಕಡೆಗೆ ಗಂಡಸರಲ್ಲಿ ಮುಂದಿದ್ದ ಮೈಕ್ ಮೆಕ್‌ನಮಾರಾ ಅವರನ್ನೂ ಹಿಡಿದರು. ದಾಟುವಾಗ ಏನು ಹೇಳಬೇಕೋ ತೋಚದೆ ಜೇಬಿನಿಂದ ಜ್ಯೇಷ್ಠಮಧುವಿನ ಮಿಠಾಯಿ ತೆಗೆದು ಕೊಟ್ಟರು. ಅವರೂ ಇಸಿದುಕೊಂಡು ಬಾಯಿಗೆ ಹಾಕಿಕೊಂಡರು. ಆ ದಿನ ಮೆಕ್‌ನಮಾರಾ ಪುರುಷರ ರಾಷ್ಟ್ರೀಯ ದಾಖಲೆ ಮುರಿದರು: 276.52 ಮೈಲಿ. ಬರ್ಟನ್ ತುಳಿದದ್ದು 277.25 ಮೈಲಿ! ಆ ದೂರವನ್ನು ಗಂಡಸೊಬ್ಬ ಮೀರಲು ಎರಡು ವರ್ಷ ಹಿಡಿಯಿತು, ಇನ್ನೊಬ್ಬ ಮಹಿಳೆ ಮೀರಿದ್ದು 2017ರಲ್ಲಿ. ಕ್ರೀಡೆಯ ಇತಿಹಾಸದಲ್ಲಿ ಇದಕ್ಕೆ ಸಲ್ಲಬೇಕಾದ ಜಾಗ ಇನ್ನೂ ಸಂದಿಲ್ಲ.

ಇಂಥವರು ತುಳಿದ ರಸ್ತೆಯಲ್ಲೇ ಮೊದಲ ವರ್ಷದವರೂ ತುಳಿಯುತ್ತಾರೆ. ಸಂಜೆ ಫಲಿತಾಂಶದ ಹಾಳೆ ಒಂದೇ. ರಾಷ್ಟ್ರೀಯ ಪದಕ ಗೆದ್ದವರ ಹೆಸರು ಮೇಲಿದ್ದರೆ, ಅರ್ಧ ಗಂಟೆ ದಾಟಿದವರ ಹೆಸರು ಕೆಳಗೆ. ಮೇಲಿನವರ ಜೊತೆ ಹೋಲಿಸಿಕೊಂಡು ಕೊರಗುವ ಅಗತ್ಯವಿಲ್ಲ, ತಮ್ಮದೇ ಹಿಂದಿನ ಸಮಯವಿದೆ. ಮೊದಲು 30 ನಿಮಿಷದ ಒಳಗೆ, ಆಮೇಲೆ 27, ಕಾಲು ಕೂಡಿಬಂದರೆ 25.

ಆ ಲೆಕ್ಕವನ್ನೂ ಎಚ್ಚರದಿಂದ ಓದಬೇಕು. ಬಿಸಿ ಗಾಳಿ ತೆಳುವಾಗಿರುತ್ತದೆ. ಏಪ್ರಿಲ್ಲಿನ ಚಳಿಯಲ್ಲಿ ಬೆವರು ಹರಿಸಿ ಪಡೆದ ಸಮಯ, ಜುಲೈನ ಬೆಚ್ಚನೆಯ ಸಂಜೆಯಲ್ಲಿ ಅದೇ ಶಕ್ತಿಗೆ ಹಲವು ಸೆಕೆಂಡು ಇಳಿಯಬಹುದು. ಅಂಥ ಸಂಜೆಗೆ ಅಲ್ಲಿನವರು ‘ಫ್ಲೋಟ್ ಡೇ’ ಅನ್ನುತ್ತಾರೆ. ಹೋಗಿ ತಿರುಗಿ ಬರುವ ಮಾರ್ಗದಲ್ಲಿ ಎದುರುಗಾಳಿಯ ಅರ್ಧಕ್ಕೆ ಹೆಚ್ಚು ಹೊತ್ತು ಬೇಕಾಗುವುದರಿಂದ, ತುಸು ಹೆಚ್ಚಿನ ಬಲವನ್ನು ಅಲ್ಲೇ ಹಾಕಬೇಕು. ಅನುಕೂಲಗಾಳಿಯಲ್ಲಿ ರಭಸದಿಂದ ತುಳಿದು ಖುಷಿಪಡುವ ಹೊಸಬರು ಇದನ್ನು ಒಪ್ಪಲು ಕೆಲವು ವಾರ ಬೇಕು.

ಆಗಸ್ಟ್ ಕಳೆದು ಹಗಲು ಚಿಕ್ಕದಾದಂತೆ ಸಂಜೆಯ ಸ್ಪರ್ಧೆಗಳು ನಿಲ್ಲುತ್ತವೆ. ಕೆಲವರು ಸೈಕಲ್ ಒರೆಸಿಟ್ಟರೆ, ಕೆಲವರು ಗುಡ್ಡ ಹತ್ತುವ ಸ್ಪರ್ಧೆಗೆ ಹೆಸರು ಕೊಡುತ್ತಾರೆ. 1887ರಲ್ಲಿ ಶುರುವಾದ ಕ್ಯಾಟ್‌ಫರ್ಡ್ ಕ್ಲಬ್ಬಿನ ಹಿಲ್ ಕ್ಲೈಂಬ್ ಈಗ ಕೆಂಟ್‌ನ ಯಾರ್ಕ್ಸ್ ಹಿಲ್‌ನಲ್ಲಿ ನಡೆಯುತ್ತದೆ. ಅಲ್ಲೂ ಒಬ್ಬೊಬ್ಬರೇ, ಅಲ್ಲೂ ಗಡಿಯಾರವೇ. ಆದರೆ ಏರು ಕಡಿದಾಗಿ ವೇಗ ಇಳಿದಾಗ ಗಾಳಿಯ ಮಾತು ನಡೆಯದು, ತೂಕದ್ದೇ ದರ್ಬಾರು. ಬೇಸಿಗೆಯಿಡೀ ಬಗ್ಗಿ ಕೂರುವುದನ್ನು ಕಲಿತವರು ಮುಂಚಾಚಿದ ಹ್ಯಾಂಡಲ್ ಬಿಚ್ಚಿಟ್ಟು, ಬಾಟಲಿಯನ್ನೂ ತೆಗೆದು, ಹ್ಯಾಂಡಲ್ ಎಳೆಯುತ್ತಾ ಎದ್ದು ನಿಂತು ತುಳಿಯುವ ಅಭ್ಯಾಸಕ್ಕೆ ಇಳಿಯುತ್ತಾರೆ.