ಸೈಕಲ್ಲಿಗೆ ಒಂದೂವರೆ ಮೀಟರ್ ಬಿಡಿ

ಬೆಂಗಳೂರಿನಲ್ಲಿ ದಿನವೂ ಸೈಕಲ್ ತುಳಿಯುವವರಿಗೆ ಹಾರ್ನ್ ಕೇಳಿದರೇ ಸಾಕು, ಬೆನ್ನ ಹಿಂದೆ ಬಂದದ್ದು ಆಟೋನೋ ಟೆಂಪೊನೋ ಗೊತ್ತಾಗಿಬಿಡುತ್ತದೆ. ಗಾಡಿ ಯಾವುದಾದರೂ ಹೇಳುವುದು ಒಂದೇ: ಎಡಕ್ಕೆ ಸರಿ.

ಎಡಕ್ಕೆ ಸರಿದರೆ ಅಲ್ಲಿರುವುದೇನು? ಚರಂಡಿಯ ಕಬ್ಬಿಣದ ಜಾಲರಿ. ಅದರ ಸಂದು ರಸ್ತೆಯ ಉದ್ದಕ್ಕಿದ್ದರೆ ತೆಳ್ಳನೆಯ ಟೈರು ಸಿಕ್ಕಿಕೊಳ್ಳುತ್ತದೆ. ಮಳೆ ನೀರಿನಡಿ ಗುಂಡಿ, ಎದುರಿಗೆ ರಾಂಗ್ ಸೈಡಿನಲ್ಲಿ ನುಗ್ಗಿ ಬರುವ ಸ್ಕೂಟರ್. ಇವೆಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸುವುದು ನಿಂತ ಕಾರಿನ ಬಾಗಿಲು. ಅದು ಫಕ್ಕನೆ ತೆರೆದುಕೊಂಡರೆ ಸವಾರ ಬೀಳುವುದು ನಡುರಸ್ತೆಗೆ, ಹಿಂದಿನ ಗಾಡಿಯ ಮುಂದೆಯೇ. ನೆದರ್ಲೆಂಡ್ಸ್‌ನಲ್ಲಿ ಬಾಗಿಲಿಗೆ ದೂರವಿರುವ ಕೈಯಿಂದ ಅದನ್ನು ತೆಗೆಯುವ ರೂಢಿಯಿದೆ. ಹಾಗೆ ತೆಗೆಯುವಾಗ ಮೈ ತಿರುಗಿ, ಕಣ್ಣು ತಾನಾಗಿ ಹಿಂದಕ್ಕೆ ಹೊರಳುತ್ತದೆ. ನಮ್ಮ ಚಾಲಕರು ಎಡಗೈ ಬಳಸಿದರಾಯಿತು, ಕಾಸು ಖರ್ಚಿಲ್ಲ.

ಇಷ್ಟೆಲ್ಲ ಇರುವುದರಿಂದಲೇ ಸವಾರ ಅಂಚು ಬಿಟ್ಟು ಒಂದಿಷ್ಟು ಒಳಗೆ ಬರುತ್ತಾನೆ. ಹಿಂದಿನವರಿಗೆ ಅದು ಸೊಕ್ಕಿನಂತೆ ಕಾಣುತ್ತದೆ. ಹಾರ್ನ್ ಒತ್ತಿ, ಕೈಗೆ ತಾಗುವಷ್ಟು ಹತ್ತಿರದಲ್ಲಿ ಹಾಯ್ದು ಮುಂದಿನ ಸಿಗ್ನಲ್ಲಿನಲ್ಲಿ ನಿಲ್ಲುತ್ತಾರೆ. ಕೆಂಪು ದೀಪ ಹಸಿರಾಗುವ ಮೊದಲೇ ಅದೇ ಸೈಕಲ್ ಪಕ್ಕಕ್ಕೆ ಬಂದಿರುತ್ತದೆ.

ಹೆಲ್ಮೆಟ್ ಹಾಕಿ ದುಬಾರಿ ಸೈಕಲ್ ಏರಿದವರಿಗೆ ಒಂದೊಂದು ಸಲ ‘ಸರ್, ಸೈಡಿಗೆ ಬನ್ನಿ’ ಎಂಬ ಮಾತಾದರೂ ಸಿಗುತ್ತದೆ. ರಾತ್ರಿ ಪಾಳಿ ಮುಗಿಸಿದ ಸೆಕ್ಯುರಿಟಿಯವರಿಗೆ, ಕ್ಯಾರಿಯರ್‌ಗೆ ಊಟದ ಡಬ್ಬಿ ಕಟ್ಟಿಕೊಂಡ ಗಾರೆ ಕೆಲಸದವರಿಗೆ ಸಿಗುವುದು ‘ಲೇ, ಸರಿಯೋ ಆಚೆ’. ನನಗೆ ಹೆಚ್ಚು ಸಂಕಟವಾಗುವುದು ಇವರನ್ನು ಕಂಡಾಗ. ಬಸ್ಸಿಲ್ಲದ ಹೊತ್ತಿನಲ್ಲಿ, ಹಿಂದೆ ಕೆಂಪು ದೀಪವೂ ಇಲ್ಲದ ಸೈಕಲ್ಲಿನಲ್ಲಿ, ಬೇರೆ ದಾರಿಯಿಲ್ಲದೆ ರಸ್ತೆಗಿಳಿದವರು ಅವರು.

ಪ್ರತ್ಯೇಕ ಪಥಗಳ ಪ್ರಯತ್ನ ನಡೆಯಲಿಲ್ಲವೆಂದಲ್ಲ. ಜಯನಗರದ ಪಥದಲ್ಲಿ ಕಾರುಗಳು ನಿಂತವು. 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಗಿಡ್ಡ ಕಂಬಗಳನ್ನು ನೆಟ್ಟು ಬಿಡಿಸಿದ ಪಥವೂ ಉಳಿಯಲಿಲ್ಲ. ಹಾಗಾಗಿ ಸದ್ಯಕ್ಕೆ ಒಂದೇ ರಸ್ತೆಯಲ್ಲಿ ಎಲ್ಲರೂ ಸಾಗಬೇಕು.

ಜರ್ಮನಿ 2020ರಲ್ಲಿ, ಸೈಕಲ್ ದಾಟುವಾಗ ಊರೊಳಗೆ ಕನಿಷ್ಠ 1.5 ಮೀಟರ್, ಊರಾಚೆ 2 ಮೀಟರ್ ಅಂತರವಿರಬೇಕೆಂದು ಕಾನೂನು ಮಾಡಿತು. ಅಷ್ಟು ಜಾಗವಿಲ್ಲದ ರಸ್ತೆಯಲ್ಲಿ ಏನು ಮಾಡುವುದೆಂದು ಕೇಳುವವರಿದ್ದಾರೆ. ಜಾಗ ಸಿಗುವವರೆಗೂ ಹಿಂದೆ ಬರಬೇಕು, ಅಷ್ಟೇ. ಡಿಎಲ್ ಪರೀಕ್ಷೆಯಲ್ಲಿ ಎಂಟು ಹಾಕಿಸುತ್ತಾರೆ, ರಿವರ್ಸ್ ತೆಗೆಸುತ್ತಾರೆ. ಸೈಕಲ್ ದಾಟುವುದನ್ನೂ ಅಲ್ಲೇ ಮಾಡಿಸಿ ನೋಡಲಿ. ಅದಕ್ಕೆ ಒಂದು ಹಳೇ ಸೈಕಲ್ಲು, ಒಂದೂವರೆ ಮೀಟರ್ ದೂರದಲ್ಲಿ ಎಳೆದ ಸುಣ್ಣದ ಗೆರೆ ಸಾಕು.