ಹೆಬ್ಬೆಟ್ಟು ಒತ್ತಿದವರಿಗೆ ಅರ್ಥವಾಗಿತ್ತೇ?

ಹಾಳೆ ಇಂಗ್ಲಿಷಿನಲ್ಲಿತ್ತು, ಎದುರಿಗೆ ಕೂತವರ ಮಾತು ಮಂಡಿಂಕಾ. ಪಶ್ಚಿಮ ಆಫ್ರಿಕದ ಗ್ಯಾಂಬಿಯಾದಲ್ಲಿ ಔಷಧ ಪ್ರಯೋಗಕ್ಕೆ ಜನರನ್ನು ಸೇರಿಸಿಕೊಳ್ಳುವಾಗ ಸಿಬ್ಬಂದಿ ಒಪ್ಪಿಗೆ ಪತ್ರವನ್ನು ಕೈಯಲ್ಲಿ ಹಿಡಿದು, ಅದರಲ್ಲಿದ್ದುದನ್ನು ತಮಗೆ ತೋಚಿದಂತೆ ಬಾಯಿಮಾತಿನಲ್ಲಿ ಹೇಳುತ್ತಿದ್ದರು. ಓದು ಬಾರದವರು ಸಾಕ್ಷಿಯ ಎದುರು ಹೆಬ್ಬೆಟ್ಟು ಒತ್ತುತ್ತಿದ್ದರು. ಕಡತದ ಮಟ್ಟಿಗೆ ಎಲ್ಲವೂ ಸರಿಯಾಗಿತ್ತು.

ಅಲ್ಲಿನ ವೈದ್ಯಕೀಯ ಸಂಶೋಧನಾ ಘಟಕದಲ್ಲಿದ್ದ ವೈದ್ಯ ಮುಹಮ್ಮದ್ ಅಫೊಲಾಬಿ ಅವರನ್ನು ಕಾಡಿದ್ದು ಆ ಹೆಬ್ಬೆಟ್ಟೇ. ಆಫ್ರಿಕದ ಪ್ರಯೋಗಗಳ ವರದಿಗಳನ್ನು ಒಟ್ಟುಗೂಡಿಸಿ ನೋಡಿದಾಗ ಎರಡು ಸಂಗತಿಗಳು ಮತ್ತೆ ಮತ್ತೆ ಎಡವಿಸುತ್ತಿದ್ದವು: ಯಾರಿಗೆ ಯಾವ ಔಷಧವೆಂಬುದು ಚೀಟಿ ಎತ್ತಿದ ಹಾಗೆ ನಿರ್ಧಾರವಾಗುತ್ತದೆ ಎಂಬುದು, ಕೆಲವರ ಪಾಲಿಗೆ ಬರುವುದು ಮದ್ದೇ ಇಲ್ಲದ ಹುಸಿ ಗುಳಿಗೆ ಎಂಬುದು. ವೈದ್ಯರೇ ಹೀಗೆ ಮಾಡುತ್ತಾರೆಂದರೆ ಕಾಯಿಲೆಯಲ್ಲಿ ನರಳುತ್ತಿರುವ ಯಾರು ತಾನೇ ಸುಲಭವಾಗಿ ನಂಬಿಯಾರು?

ಇದನ್ನೆಲ್ಲ ಚಲನಚಿತ್ರ ತೋರಿಸಿ ವಿವರಿಸೋಣವೆಂದು ಅಫೊಲಾಬಿ ಯೋಚಿಸಿದರು. ಆ ಯೋಚನೆ ಹೊಸದಲ್ಲ, ಗೆದ್ದು ಬಂದದ್ದೂ ಅಲ್ಲ. 2004ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ಹಳೆಯ ಪ್ರಯೋಗಗಳನ್ನು ಜಾಲಾಡಿದಾಗ, ವಿಡಿಯೊದಂಥ ಸಾಧನ ಬಳಸಿದ್ದ 12 ಪ್ರಯೋಗಗಳಲ್ಲಿ ತಿಳಿವಳಿಕೆ ಹೆಚ್ಚಿದ್ದು ಮೂರರಲ್ಲಿ ಮಾತ್ರ. ಅವಕ್ಕಿಂತ, ಎದುರು ಕೂತು ಬಿಡುವಾಗಿ ಆಡಿದ ಮಾತೇ ಮೇಲೆಂದು ಕಂಡಿತ್ತು.

ಅಫೊಲಾಬಿ ಕೈಬಿಡಲಿಲ್ಲ. ಆದರೆ ಚಿತ್ರಕ್ಕಿಂತ ಮೊದಲೇ ಇನ್ನೊಂದು ಗೋಡೆ ಎದುರಾಯಿತು. ಅರ್ಥವಾಯಿತೋ ಇಲ್ಲವೋ ಎಂದು ಅಳೆಯುವುದು ಹೇಗೆ? ಪ್ರಶ್ನೆಗಳನ್ನು ಬರೆದು ಕೊಡೋಣವೆಂದರೆ ಅಲ್ಲಿನ ಭಾಷೆಗಳಾದ ಮಂಡಿಂಕಾ, ವೊಲೋಫ್, ಫುಲಾ ಮೂರಕ್ಕೂ ಊರವರೆಲ್ಲ ಓದಬಲ್ಲ ಒಂದೇ ಬರಹ ರೂಢಿಯಲ್ಲಿರಲಿಲ್ಲ. ಸಿಬ್ಬಂದಿಯಿಂದಲೇ ಕೇಳಿಸಿದರೆ ಮತ್ತೆ ಬಾಯಿಗೊಂದು ಪ್ರಶ್ನೆ. ಕೊನೆಗೆ ತಂಡ ಕಾಗದವನ್ನೇ ಬದಿಗಿಟ್ಟಿತು. 34 ಪ್ರಶ್ನೆಗಳನ್ನು ಬಾಯಲ್ಲೇ ಅನುವಾದಿಸಿ ಧ್ವನಿಮುದ್ರಿಸಿದರು. ಭಾಷೆ ಬಲ್ಲ ಬೇರೆಯವರು ಅದನ್ನು ಕಿವಿಯಲ್ಲೇ ಕೇಳಿ ಮರಳಿ ಇಂಗ್ಲಿಷಿಗೆ ತಂದು, ಅರ್ಥ ಜಾರಿಲ್ಲವೆಂದು ಪರೀಕ್ಷಿಸಿದರು. ಆಮೇಲೆ ಕಂಪ್ಯೂಟರಿನ ಬಾಯಿಂದ ಎಲ್ಲರಿಗೂ ಒಂದೇ ದನಿಯ ಒಂದೇ ಪ್ರಶ್ನೆ. ಈ ಕತೆಯ ನಿಜವಾದ ಆವಿಷ್ಕಾರ ಇದೇ ಎನ್ನಬೇಕು. ಅಳತೆಗೋಲೇ ಇಲ್ಲದೆ ಚಿತ್ರ ಗೆದ್ದಿದ್ದರೂ ಗೊತ್ತಾಗುತ್ತಿರಲಿಲ್ಲ.

ಚಿತ್ರವೂ ಅದೇ ದಾರಿಯಲ್ಲಿ ಸಿದ್ಧವಾಯಿತು. ವಿಡಿಯೊ, ಅನಿಮೇಷನ್, ಊರಿನ ಭಾಷೆಯ ನಿರೂಪಣೆ. ಮಲೇರಿಯಾ ಚಿಕಿತ್ಸೆಯ ಪ್ರಯೋಗವೊಂದಕ್ಕೆ ಬಂದ 311 ವಯಸ್ಕರನ್ನು, ಆ ಅರ್ಥವಾಗದ ಚೀಟಿಯ ನ್ಯಾಯದಲ್ಲೇ, ಎರಡು ಗುಂಪು ಮಾಡಿದರು. ಒಂದಕ್ಕೆ ಚಿತ್ರ, ಇನ್ನೊಂದಕ್ಕೆ ಎಂದಿನ ವಿವರಣೆ. ಒಪ್ಪಿಗೆ ಕೊಟ್ಟ ಕೂಡಲೇ ಒಂದು ಪರೀಕ್ಷೆ. ಮತ್ತೆ 7, 14, 21, 28ನೇ ದಿನಗಳಲ್ಲಿ.

ಮೊದಲ ದಿನವೇ ಚಿತ್ರ ನೋಡಿದವರ ಮಧ್ಯಾಂಕ ಶೇಕಡ 64, ಉಳಿದವರದು 40. ತಂಡ ಅಷ್ಟಕ್ಕೇ ನೆಮ್ಮದಿಪಡುವಂತಿರಲಿಲ್ಲ. ವಾರ ಕಳೆದರೆ ಮರೆತುಹೋಗುವ ತಿಳಿವಳಿಕೆ ಯಾತಕ್ಕೆ? 28ನೇ ದಿನಕ್ಕೂ ಅಂತರ ಅಳಿಯಲಿಲ್ಲ. ಶಾಲೆಗೆ ಹೋದವರು, ಹೋಗದವರು ಎಂಬ ಭೇದವೂ ಅಂಕಗಳಲ್ಲಿ ಎದ್ದು ಕಾಣಲಿಲ್ಲ. ನೋಯಿಸುವ ಸಂಗತಿಯೂ ಇತ್ತು: ಹೆಂಗಸರ ಅಂಕಗಳು ಹಿಂದೆ ಉಳಿದಿದ್ದವು. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾದ ವರದಿ ಅದನ್ನೂ ಮುಚ್ಚಿಡಲಿಲ್ಲ.

ಹಿಂದೆ ಹೆಚ್ಚಾಗಿ ಎಡವಿದ್ದ ಚಿತ್ರ ಇಲ್ಲಿ ಗೆದ್ದ ಗುಟ್ಟು ಸರಳವಿರಬೇಕು. ಕಾಗದ ಓದಬಲ್ಲವರಿಗೆ ಚಿತ್ರ ಅದೇ ಮಾತಿನ ಇನ್ನೊಂದು ಪ್ರತಿ. ಗ್ಯಾಂಬಿಯಾದ ಹಳ್ಳಿಗಳಲ್ಲಿ ಬಾಯಿಂದ ಬಾಯಿಗೆ ಬದಲಾಗುತ್ತಿದ್ದ ವಿವರಣೆ ಮೊದಲ ಸಲ ಎಲ್ಲರಿಗೂ ಒಂದೇ ರೂಪದಲ್ಲಿ, ಅವರವರ ಭಾಷೆಯಲ್ಲಿ, ಕಿವಿಯ ಜೊತೆ ಕಣ್ಣಿಗೂ ತಲುಪಿತ್ತು.